ಟೊಮ್ಯಾಟೊ ಆಮೇಲೆ ನೋಡೋಣ, ಮೊದಲು ಬಸ್ಸಾರಿಗೆ ಬೇಕಾದ ಸೊಪ್ಪು ಬೆಳೀರಿ

ಪ್ರಶ್ನೆ: ನಮಸ್ತೆ ಮೇಡಂ. ನಾವು ಕೋಲಾರ ಟೌನಲ್ಲೇ ಇರೋದು. 30-40 ಸೈಟಲ್ಲಿ ಮನೆ, ಹಿಂದ್ಗಡೆ 10 ಅಡಿಗೆ 12 ಅಡಿ ಮಣ್ಣಿನ ಜಾಗ ಇದೆ, ತಾರಸಿ ಖಾಲಿ ಬಿದ್ದಿದೆ. ನೀರು ಬೋರ್‌ವೆಲ್‌ದು, ತುಂಬಾ ಗಡಸು. ಮನೇಲೇ ಬೆಳೆದು ಮನೇಲೇ ಅಡುಗೆ ಮಾಡಿ ಊಟ ಮಾಡ್ಬೇಕು ಅಂತ ಆಸೆಪಟ್ಟು ಆನ್‌ಲೈನಲ್ಲಿ ಸೀಡ್ ಕಿಟ್ ತರಿಸಿ ಟೊಮ್ಯಾಟೊ, ಕ್ಯಾಪ್ಸಿಕಂ, ಬ್ರೊಕೊಲಿ ಹಾಕಿದ್ದೆ. ಟೊಮ್ಯಾಟೊ ಎಲೆ ಎಲ್ಲಾ ಮುದುರ್ಕೊಂಡು ಹೋಯ್ತು, ಬ್ರೊಕೊಲಿ ಬರೀ ಎಲೆ ಬಿಡ್ತು, ಹೂ ಕಟ್ಟಲೇ ಇಲ್ಲ. ಅತ್ತೆ ನಿನ್ ಕೈಗುಣ ಸರಿ ಇಲ್ಲ ಅಂತಾರೆ. ಅವರಿಗೆ ಶುಗರ್ ಇದೆ, 6 ವರ್ಷದ ಮಗ ಸೊಪ್ಪು ಅಂದ್ರೆ ಮುಖ ತಿರುಗಿಸ್ತಾನೆ. ಈಗ ಮಳೆ ಶುರುವಾಗಿದೆ, ಮತ್ತೆ ಎಲ್ಲಿಂದ ಶುರು ಮಾಡ್ಲಿ?

ಉತ್ತರ: ನೋಡಮ್ಮ, ಕೈಗುಣದ ಮಾತು ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ಕೈ ಚೆನ್ನಾಗೇ ಇದೆ, ಆರಿಸ್ಕೊಂಡ ಬೆಳೆ ನಮ್ಮೂರಿಗೆ ಹೊಂದೋದಲ್ಲ ಅಷ್ಟೇ. ಬ್ರೊಕೊಲಿಗೆ ಚಳಿ ಬೇಕು, ಅದನ್ನ ಅಕ್ಟೋಬರಲ್ಲಿ ಸಸಿ ನೆಟ್ಟು ಡಿಸೆಂಬರ್ ಜನವರಿ ಚಳೀಲಿ ಹೂ ಕಟ್ಟೋ ಹಾಗೆ ಮಾಡಿದ್ರೆ ಬರುತ್ತೆ, ಬಿಸಿಲುಕಾಲಕ್ಕೆ ಹಾಕಿದ್ರೆ ಎಲೆ ಬಿಟ್ಟು ಬೇರೇನೂ ಸಿಗಲ್ಲ. ಕ್ಯಾಪ್ಸಿಕಂ ನಮ್ಮ ಕಡೆ ರೈತ್ರು ಹೆಚ್ಚಾಗಿ ಪಾಲಿಹೌಸಲ್ಲಿ ಬೆಳೆಯೋದು, ಬಯಲಲ್ಲಿ ಇಟ್ರೆ ನುಸಿ, ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ ಎರಡೂ ಬಿಡಲ್ಲ. ಇನ್ನು ಟೊಮ್ಯಾಟೊ. ಇಡೀ ಕೋಲಾರ ಜಿಲ್ಲೆ ಟೊಮ್ಯಾಟೊ ಬೆಳೆಯೋ ಜಾಗ, ಅದಕ್ಕೇ ನಿಮ್ಮ ಕುಂಡದಲ್ಲಿ ಬೆಳೆಯೋದು ಕಷ್ಟ. ಎಲೆ ಮುದುರೋದು ವೈರಸ್ ರೋಗ, ಅದನ್ನ ಗಿಡದಿಂದ ಗಿಡಕ್ಕೆ ತಗೊಂಡ್ ಹೋಗೋದು ಬಿಳಿ ನೊಣ, ಊರ ಸುತ್ತ ವರ್ಷ ಪೂರ್ತಿ ಒಂದಲ್ಲ ಒಂದು ತೋಟದಲ್ಲಿ ಟೊಮ್ಯಾಟೊ ಇದ್ದೇ ಇರೋದ್ರಿಂದ ನೊಣಕ್ಕೂ ವೈರಸ್ಸಿಗೂ ಯಾವತ್ತೂ ಬರ ಇಲ್ಲ, ನಿಮ್ಮ ಎರಡು ಕುಂಡ ಅದರ ಕಣ್ಣಿಗೆ ಬೀಳದೆ ಇರುತ್ತಾ? ಬೆಳೀಲೇಬೇಕು ಅನ್ನೋ ಹಠ ಇದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕಾ ರಕ್ಷಕ್ ತಳಿ ತರಿಸಿ, ಅದು ಎಲೆ ಮುದುರು ರೋಗವನ್ನೂ ಸೊರಗು ರೋಗವನ್ನೂ ತಕ್ಕಮಟ್ಟಿಗೆ ತಡ್ಕೊಳ್ಳುತ್ತೆ. ಆದ್ರೆ ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಹಾಕಿದ್ರೆ ಅದೇ ಗುಣ ಬರಲ್ಲ.

ನನ್ನ ಕೇಳಿದ್ರೆ ಟೊಮ್ಯಾಟೊ ಕೊಂಡ್ಕೊಳ್ಳಿ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಲಿ 15 ಕೆ.ಜಿ. ಬಾಕ್ಸು 2 ಸಾವಿರ ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ, ಆದ್ರೆ ಅಂಥ ದಿನ ಕಮ್ಮಿ, ರೈತ ರಸ್ತೆಗೆ ಸುರಿದು ಹೋಗೋ ದಿನಾನೇ ಜಾಸ್ತಿ. ಅಷ್ಟು ಕಡಿಮೆಗೆ ಸಿಗೋದನ್ನ ಮನೇಲಿ ಕಷ್ಟಪಟ್ಟು ಬೆಳೆಯೋ ಬದಲು ಆ ಜಾಗ, ನೀರು, ನಿಮ್ಮ ಶ್ರಮ ಎಲ್ಲಾನೂ ಸೊಪ್ಪಿಗೆ ಕೊಡಿ. ಮಾರ್ಕೆಟ್ಟಲ್ಲಿ ನಂಬಿ ತರೋಕೆ ಆಗದೆ ಇರೋದು ಸೊಪ್ಪು. ಯಾವ ನೀರಲ್ಲಿ ಬೆಳೆದ್ರು, ಕೊಯ್ಯೋಕೆ ಎಷ್ಟು ದಿನ ಮುಂಚೆ ಔಷಧಿ ಹೊಡೆದ್ರು, ಯಾವ ಮೋರಿ ಪಕ್ಕ ತೊಳೆದು ಕಟ್ಟು ಕಟ್ಟಿದ್ರು, ಒಂದೂ ಗೊತ್ತಾಗಲ್ಲ. ಮೇಲಾಗಿ ಸೊಪ್ಪು ಬಾಡ್ತಾ ಬಾಡ್ತಾ ಅದರಲ್ಲಿರೋ ವಿಟಮಿನ್ ಸಿ ಕಮ್ಮಿ ಆಗ್ತಾ ಹೋಗುತ್ತೆ, ಬೆಳಗ್ಗೆ ಕೊಯ್ದು ಮಧ್ಯಾಹ್ನ ಒಲೆ ಮೇಲಿಟ್ಟ ಸೊಪ್ಪಿನ ರುಚಿ ಕೊಂಡ್ಕೊಂಡ ಸೊಪ್ಪಿಗೆ ಬರೋದೇ ಇಲ್ಲ.

ಮನೆ ತೋಟ ಅಂದ ತಕ್ಷಣ ಎಲ್ಲರೂ ಏನು ಬೆಳೀಬಹುದು ಅಂತ ಕೇಳ್ತಾರೆ. ನಾನು ಹೇಳೋದು ನಿಮ್ಮನೇಲಿ ವಾರದಲ್ಲಿ ಏನೇನು ಸಾರು ಮಾಡ್ತೀರ ಅಂತ ಮೊದಲು ಒಂದು ಚೀಟೀಲಿ ಬರೀರಿ, ಆಮೇಲೆ ಪಾತಿ ಮಾಡಿ. ನಮ್ಮ ಕಡೆ ಮನೆ ಅಂದ್ರೆ ಒಂದಿನ ಬಸ್ಸಾರು, ಒಂದಿನ ಮಸೊಪ್ಪು, ಒಂದಿನ ಹುರುಳಿಕಾಳೋ ಅಲಸಂದೆನೋ, ಒಂದಿನ ಬದನೆಕಾಯಿ ಹುಳಿ, ಕಾಲ ಬಂದಾಗ ಅವರೆಕಾಯಿ, ಜೊತೆಗೆ ಮುದ್ದೆ. ಈ ಊಟಕ್ಕೆ ಬೇಕಾಗಿರೋದ್ರಲ್ಲಿ ರಾಗಿ, ಬೇಳೆ, ಈರುಳ್ಳಿ ನಿಮ್ಮ ಜಾಗದಲ್ಲಿ ಬೆಳೆಯೋಕಾಗಲ್ಲ, ಅದಕ್ಕೆ ಆಸೆಪಡಬೇಡಿ. ಸೊಪ್ಪು, ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ, ನಾಲ್ಕು ಬದನೆ ಗಿಡ, ಒಂದು ಚಪ್ಪರದ ಬಳ್ಳಿ, ಒಂದು ನುಗ್ಗೆ, ಗೋಡೆ ಪಕ್ಕ ಅವರೆ, ಇಷ್ಟನ್ನ ಆ 120 ಚದರಡಿಲೇ ಮಾಡ್ಬಹುದು.

ಲೆಕ್ಕ ಹೇಳ್ತೀನಿ ಕೇಳಿ. 4 ಅಡಿ ಉದ್ದ 2 ಅಡಿ ಅಗಲದ 6 ಪಾತಿ ಮಾಡಿ, ಮಧ್ಯ ಕೂತ್ಕೊಂಡು ಕಳೆ ಕೀಳೋಕೆ ಜಾಗ ಬಿಡಿ. ಅಷ್ಟು ದೊಡ್ಡ ಪಾತೀಲಿ ಕೀರೆ ಸೊಪ್ಪು ಚೆನ್ನಾಗಿ ಬಂದ್ರೆ ಮುಕ್ಕಾಲು ಕೆ.ಜಿ. ಹತ್ತತ್ರ ಸಿಗುತ್ತೆ, ನಾಲ್ಕು ಜನಕ್ಕೆ ಒಂದ್ಸಲ ಬಸ್ಸಾರಿಗೆ ಅರ್ಧ ಕೆ.ಜಿ. ಬೇಕು, ಮಿಕ್ಕಿದ್ದು ಇನ್ನೊಂದಿನ ಬೇಳೆ ಜೊತೆ ಆಗುತ್ತೆ. ಎಲ್ಲಾ ಪಾತಿಗೂ ಒಂದೇ ದಿನ ಬೀಜ ಎಸೆದ್ರೆ ಎಲ್ಲಾ ಒಂದೇ ದಿನ ಕೊಯ್ಲಿಗೆ ಬಂದು, ಮೊದಲ ವಾರ ಅಕ್ಕಪಕ್ಕದ ಮನೆಗೆಲ್ಲ ಹಂಚಿ ಆಮೇಲೆ ಒಂದು ತಿಂಗಳು ಬರೀ ಮಣ್ಣು ನೋಡ್ಬೇಕಾಗುತ್ತೆ. ಅದಕ್ಕೆ ಪ್ರತಿ ಭಾನುವಾರ ಒಂದೇ ಒಂದು ಪಾತಿ ಬಿತ್ತಿ. ಕೀರೆ 25ರಿಂದ 30 ದಿನಕ್ಕೆ ಬರುತ್ತೆ, ಮೆಂತ್ಯ ಇನ್ನೂ ಬೇಗ, ಪಾಲಕ್ ಸಬ್ಬಸಿಗೆ ಕೊತ್ತಂಬರಿ 40 ದಿನ ಅಂದ್ಕೊಳ್ಳಿ, ದಂಟು ದಪ್ಪ ಆಗ್ಬೇಕು ಅಂದ್ರೆ ಒಂದೂವರೆ ತಿಂಗಳ ಮೇಲೆ. ಆರನೇ ಪಾತಿ ಬಿತ್ತೋ ಹೊತ್ತಿಗೆ ಮೊದಲನೇ ಪಾತಿ ಖಾಲಿ ಆಗಿರುತ್ತೆ, ಅದಕ್ಕೆ ಒಂದೆರಡು ಬೊಗಸೆ ಗೊಬ್ಬರ ಹಾಕಿ ಒಂದು ವಾರ ಸುಮ್ನೆ ಬಿಟ್ಟು ಮತ್ತೆ ಬಿತ್ತೋದು. ಒಂದೇ ಪಾತೀಲಿ ಕೀರೆ ಮೇಲೆ ಕೀರೆ ಹಾಕಬೇಡಿ, ಒಂದ್ಸಲ ಕೀರೆ ಆದ್ಮೇಲೆ ಮೆಂತ್ಯ ಹಾಕಿ.

ಬೀಜಕ್ಕೆ ದುಡ್ಡು ಸುರೀಬೇಡಿ. ಮೆಂತ್ಯ ಅಡುಗೆಮನೆ ಡಬ್ಬೀದೇ ಸಾಕು. ಕೊತ್ತಂಬರೀನೂ ಅದೇ ಡಬ್ಬೀದು, ಆದ್ರೆ ಇಡಿಯಾಗಿ ಹಾಕಬಾರದು, ಚಪ್ಪಲಿ ಕೆಳಗೋ ಲಟ್ಟಣಿಗೆಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಒಂದು ರಾತ್ರಿ ನೆನೆಸಿ ಹಾಕಿ, ಮೊಳಕೆ ಕಾಣೋಕೆ ಹತ್ತು ದಿನ ಆಗುತ್ತೆ, ಅಷ್ಟರಲ್ಲಿ ಬೀಜ ಸತ್ತೋಯ್ತು ಅಂತ ಕೆದಕಿಬಿಡೋರೇ ಜಾಸ್ತಿ, ಕಾಯಿರಿ. ಕೀರೆ ಬೀಜ ಸಾಸಿವೆಗಿಂತ ಸಣ್ಣ, ಎರಡು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಎರಚಿದ್ರೆ ಒಂದೇ ಕಡೆ ಗುಂಪಾಗಲ್ಲ. ಇರುವೆ ಹೊತ್ಕೊಂಡ್ ಹೋಗುತ್ತೆ, ಅದಕ್ಕೆ ಪಾತಿ ಅಂಚಲ್ಲಿ ಸ್ವಲ್ಪ ಅಕ್ಕಿ ನುಚ್ಚು ಉದುರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊಳಕೆ ಬಂದ ದಿನವೇ ಚೀಲ ತೆಗೀರಿ, ತಡ ಮಾಡಿದ್ರೆ ಸಸಿ ಬೆಳ್ಳಗೆ ಉದ್ದ ಆಗಿ ಬಿದ್ದೋಗುತ್ತೆ. ಮಳೆಗಾಲದಲ್ಲಿ ಕೀರೆ ಎಲೆ ಅಡಿಭಾಗದಲ್ಲಿ ಬಿಳಿ ಬಿಳಿ ಗುಳ್ಳೆ ಬರುತ್ತೆ, ಬಿಳಿ ತುಕ್ಕು ಅಂತಾರೆ, ಅರ್ಕಾ ಸುಗುಣ ತಳಿ ಅದನ್ನ ತಕ್ಕಮಟ್ಟಿಗೆ ತಡ್ಕೊಳ್ಳುತ್ತೆ, ಕೊಯ್ದ ಮೇಲೆ ಮತ್ತೆ ಮತ್ತೆ ಚಿಗುರುತ್ತೆ ಕೂಡ. ಟಮಕದಲ್ಲಿ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇದೆ, ಮನೆ ಹತ್ರಾನೇ ಇರೋ ಅವರನ್ನ ಕೇಳೋದು ಬಿಟ್ಟು ಎಲ್ಲಿಂದಲೋ ಬಣ್ಣದ ಪಾಕೆಟ್ ಯಾಕೆ ತರಿಸ್ತೀರ. ಒಂದ್ಸಲ ಹೋಗಿ ಬನ್ನಿ, ಬೀಜ ಎಲ್ಲಿ ಸಿಗುತ್ತೆ ಅಂತ ಅವರೇ ಹೇಳ್ತಾರೆ.

ಈಗ ನೀರಿನ ವಿಷಯ, ಇದನ್ನ ಸ್ವಲ್ಪ ಗಮನ ಇಟ್ಟು ಓದಿ, ಯಾಕಂದ್ರೆ ಕೋಲಾರದಲ್ಲಿ ಮನೆ ತೋಟ ಕೆಡೋದು ಬಹಳಷ್ಟು ಸಲ ನೀರಿಂದಾನೇ. ನಿಮ್ಮ ಕುಂಡದ ಅಂಚಲ್ಲಿ ಬೆಳ್ಳಗೆ ಪೊರೆ ಕಟ್ಟಿದ್ಯಾ ನೋಡಿ. ಹೊಸ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿದಿದ್ರೆ ಅದು ಕಬ್ಬಿಣದ ಕೊರತೆ, ಮಣ್ಣಲ್ಲಿ ಕಬ್ಬಿಣ ಇರುತ್ತೆ, ಆದ್ರೆ ಗಡಸು ನೀರಿಂದ ಮಣ್ಣು ಕ್ಷಾರ ಆಗಿ ಬೇರಿಗೆ ಸಿಗಲ್ಲ. ಇದಕ್ಕೆ ಬೂದಿ ಹಾಕಬೇಡಿ, ಬೂದೀನೂ ಕ್ಷಾರಾನೇ. ಮನೇಲಿ ಸಾಫ್ಟ್‌ನರ್ ಮೆಷಿನ್ ಇದ್ರೆ ಆ ನೀರಂತೂ ಗಿಡಕ್ಕೆ ಬೇಡವೇ ಬೇಡ, ಅದು ಕ್ಯಾಲ್ಸಿಯಂ ಹಿಡ್ಕೊಂಡು ಬದಲಿಗೆ ಸೋಡಿಯಂ ಬಿಡುತ್ತೆ, ಅದರಲ್ಲಿ ಸ್ನಾನಕ್ಕೆ ನೊರೆ ಚೆನ್ನಾಗಿ ಬರುತ್ತೆ, ಗಿಡ ಮಾತ್ರ ಸುಟ್ಟೋಗುತ್ತೆ, ಮಣ್ಣೂ ಗಟ್ಟಿ ಆಗುತ್ತೆ. ಆರ್‌ಒ ಫಿಲ್ಟರಿಂದ ಆಚೆ ಹೋಗೋ ನೀರಲ್ಲಿ ಉಪ್ಪು ಇನ್ನೂ ಜಾಸ್ತಿ, ಅದನ್ನ ನೆಲ ಒರೆಸೋಕೆ ಇಟ್ಕೊಳ್ಳಿ. ಕೆ.ಸಿ. ವ್ಯಾಲಿ ನೀರು ತುಂಬಿರೋ ಕೆರೆಯಿಂದ ಟ್ಯಾಂಕರಲ್ಲಿ ತರ್ತೀನಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಅದು ಬೆಂಗಳೂರಿನ ಕೊಳಚೆ ಶುದ್ಧಿ ಮಾಡಿ ಕೆರೆಗೆ ಬಿಡೋ ನೀರು, ಅಂತರ್ಜಲ ಹೆಚ್ಚಾಗ್ಲಿ ಅಂತ ಇರೋದು, ಮನೆ ಸೊಪ್ಪಿನ ಎಲೆ ಮೇಲೆ ಎರಚೋಕೆ ಅಲ್ಲ.

ಮಳೆ ನೀರು ಹಿಡೀರಿ. ನಮ್ಮ ಜಿಲ್ಲೇಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಕಮ್ಮಿ ಅಂತ ಎಲ್ಲರೂ ಕೊರಗ್ತಾರೆ, ಆದ್ರೆ 1000 ಚದರಡಿ ತಾರಸಿ ಮೇಲೆ ಒಂದೇ ಒಂದು ಇಂಚು ಮಳೆ ಬಿದ್ರೆ 2 ಸಾವಿರ ಲೀಟರಿಗಿಂತ ಜಾಸ್ತಿ ನೀರು ಅಮ್ಮ, ಅದೆಲ್ಲ ಪೈಪಲ್ಲಿ ಇಳಿದು ಮೋರಿಗೆ ಹೋಗ್ತಿದೆ. ನಿಮ್ಮ 6 ಪಾತಿಗೆ ದಿನಕ್ಕೆ 20-25 ಲೀಟರ್ ಸಾಕು. ಅಂದ್ರೆ ಒಂದು 500 ಲೀಟರ್ ಡ್ರಮ್ಮು ತುಂಬಿದ್ರೆ ಇಪ್ಪತ್ತು ದಿನ ನಡೆಯುತ್ತೆ, ಮಧ್ಯ ಮಳೆ ಬಂದ್ರೆ ಇನ್ನೂ ಜಾಸ್ತಿ ದಿನ. ತಾರಸಿ ಪೈಪಿಗೆ ಒಂದು ತುಂಡು ಜೋಡಿಸಿ, ಮೊದಲ ಮಳೆ ಧೂಳು ಕಸ ಆಚೆ ಬಿಟ್ಟು, ಆಮೇಲಿನದು ಡ್ರಮ್ಮಿಗೆ ಬರೋ ಹಾಗೆ ಮಾಡಿ, ಬಾಯಿಗೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ. ಬೇಸಿಗೇಲಿ ಬೋರ್ ನೀರೇ ಗತಿ ಅಂದಾಗ ಅಕ್ಕಿ ಬೇಳೆ ಸೊಪ್ಪು ತೊಳೆದ ನೀರನ್ನೂ ಸೇರಿಸ್ಕೊಳ್ಳಿ, ಮಣ್ಣಿಗೆ ಗೊಬ್ಬರ ಜಾಸ್ತಿ ಕೊಡಿ, ಒಣ ಎಲೆ ಹೊದಿಕೆ ಹಾಕಿ.

ಮಣ್ಣಿಗೆ ಬರೋಣ. ಕೆಂಪು ಮಣ್ಣು ಎರಡು ಪಾಲು, ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತಾರಸಿ ಮೇಲಿನ ಬ್ಯಾಗಿಗಾದ್ರೆ ಕೋಕೋಪೀಟ್ ಒಂದು ಪಾಲು. ಕೋಕೋಪೀಟನ್ನ ಎರಡು ಮೂರು ಸಲ ನೀರಲ್ಲಿ ಹಿಂಡಿ ತೊಳೀರಿ, ಅದರಲ್ಲೂ ಉಪ್ಪಿರುತ್ತೆ. ಪಾತಿಗೆ ಎರಡು ಹಿಡಿ ಬೇವಿನ ಹಿಂಡಿ ಇಲ್ಲಾ ಹೊಂಗೆ ಹಿಂಡಿ. ಹಸಿ ಸಗಣಿ ನೇರವಾಗಿ ಹಾಕಬೇಡಿ, ಬೇರು ಸುಡುತ್ತೆ, ಸೊಪ್ಪು ತಿನ್ನೋ ಪಾತಿಗಂತೂ ಕೊಳೀದ ಸಗಣಿ ಆರೋಗ್ಯಕ್ಕೂ ಒಳ್ಳೇದಲ್ಲ. ಅಡುಗೆಮನೆ ಸಿಪ್ಪೆ ಕಸ ಒಂದು ಪಾಲಿಗೆ ಒಣ ಎಲೆ ಎರಡು ಪಾಲು ಹಾಕಿ ತೂತಿರೋ ಡ್ರಮ್ಮಲ್ಲಿ ಮುಚ್ಚಿಡ್ತಾ ಹೋದ್ರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ಮಿಕ್ಕಿದ ಸಾರು ಉಪ್ಪಿನಕಾಯಿ ಅದಕ್ಕೆ ಹಾಕಬೇಡಿ. ಜೀವಾಮೃತದ ಬಗ್ಗೆ ಕೇಳೋರು ಜಾಸ್ತಿ, 200 ಲೀಟರಿಗೆ 10 ಕೆ.ಜಿ. ಸಗಣಿ, ಗಂಜಲ, ಬೆಲ್ಲ ಅನ್ನೋದೆಲ್ಲ ಹೊಲ ಇರೋರ ಅಳತೆ, ನಿಮಗೆ ಅಷ್ಟು ಯಾಕೆ, ಒಳ್ಳೆ ಗೊಬ್ಬರ ಇದ್ರೆ ಸಾಕು. ಹೇನು, ಬಿಳಿ ನೊಣ ಕಂಡ್ರೆ ಲೀಟರ್ ನೀರಿಗೆ 5 ಎಂ.ಎಲ್. ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಎಲೆ ಅಡಿಗೆ ಬೀಳೋ ಹಾಗೆ ಹೊಡೀರಿ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು ಕೊಯ್ದು ಚೆನ್ನಾಗಿ ತೊಳೀರಿ.

ಅವರೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಕೋಲಾರದಲ್ಲಿ ಮನೆ ಹಿಂದೆ ಮಣ್ಣಿದ್ದು ಅವರೆ ಹಾಕದೆ ಇರೋಕಾಗುತ್ತಾ. ನಮ್ಮ ಸೊಗಡಿನ ಅವರೆಗೆ ಹಗಲು ಗಿಡ್ಡ ಆದ್ರೇನೇ ಹೂವು. ಫೆಬ್ರವರಿ ಮಾರ್ಚಲ್ಲಿ ಹಾಕಿದೋರು ಬಳ್ಳಿ ತಾರಸಿ ತನಕ ಹೋಯ್ತು ಒಂದು ಹೂ ಇಲ್ಲ ಅಂತ ಬರೀತಾರೆ, ಅದಕ್ಕೆ ಗೊಬ್ಬರ ಏನೂ ಮಾಡಲ್ಲ, ಕಾಲ ಬರಬೇಕು ಅಷ್ಟೆ. ಹೊಲದಲ್ಲಿ ರಾಗಿ ಮಧ್ಯ ಅಕ್ಕಡಿ ಸಾಲಲ್ಲಿ ಅವರೆ ತೊಗರಿ ಹುಚ್ಚೆಳ್ಳು ಹಾಕ್ತಿದ್ದಿದ್ದು ಇದೇ ಜುಲೈ ಆಗಸ್ಟಲ್ಲಿ, ರಾಗಿ ಕೊಯ್ದ ಮೇಲೆ ಇಬ್ಬನಿ ಬೀಳೋ ಹೊತ್ತಿಗೆ ಅವರೆ ಕಾಯಿ ಕಟ್ಟೋದು. ಜುಲೈನಲ್ಲಿ ಕಾಂಪೌಂಡ್ ಪಕ್ಕ ಒಂದೂವರೆ ಅಡಿಗೊಂದರಂತೆ ಎರಡೆರಡು ಕಾಳು ಊರಿ, ಡಿಸೆಂಬರಿಗೆ ಹಿತಕಿದ ಬೇಳೆ ಸಾರು ನಿಮ್ಮ ಬಳ್ಳೀದೇ ಆಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಯಾವ ಕಾಲದಲ್ಲಿ ಹಾಕಿದ್ರೂ ಕಾಯಿ ಬಿಡುತ್ತೆ, ಗಿಡವೂ ಗಿಡ್ಡ, ಕುಂಡಕ್ಕೂ ಆಗುತ್ತೆ. ಸೊಗಡು ಮಾತ್ರ ಚಳಿಗಾಲದ ನಾಟಿ ಅವರೆಗೇ.

ಚಪ್ಪರಕ್ಕೆ ಸೋರೆ ಇಲ್ಲಾ ಹೀರೆ, ಎರಡರಲ್ಲಿ ಒಂದು. ಪಿಂದೆ, ಅಂದ್ರೆ ಎಳೇ ಕಾಯಿ, ಹಳದಿಯಾಗಿ ಉದುರೋಗುತ್ತೆ ಅನ್ನೋ ದೂರು ಎಲ್ಲಾ ಮನೇಲೂ ಇದೆ, ಟೌನಲ್ಲಿ ಜೇನು ದುಂಬಿ ಕಮ್ಮಿ, ಪರಾಗ ಸೇರಿಲ್ಲ ಅಂದ್ರೆ ಪಿಂದೆ ಉದುರುತ್ತೆ. ಗಂಡು ಹೂ ಕಿತ್ತು ಎಸಳು ತೆಗೆದು ಹೆಣ್ಣು ಹೂವಿಗೆ ಸವರಬೇಕು, ಹೆಣ್ಣು ಹೂವಿನ ಹಿಂದೆ ಸಣ್ಣ ಕಾಯಿ ಇರುತ್ತೆ. ಇಲ್ಲೊಂದು ಸೂಕ್ಷ್ಮ ಇದೆ, ಕುಂಬಳ ಸೌತೆ ಹೂ ಅರಳೋದು ಬೆಳಗ್ಗೆ, ಸೋರೆ ಹೀರೆ ಅರಳೋದು ಸಂಜೆ. ಬೆಳಗ್ಗೆ ಹೋಗಿ ಸೋರೆ ಹೂವಿಗೆ ಸವರಿದ್ರೆ ಪ್ರಯೋಜನ ಇಲ್ಲ, ದೀಪ ಹಚ್ಚೋ ಹೊತ್ತಿಗೆ ಹೋಗಿ.

ಒಂದು ಸಲ ನೆಟ್ಟು ವರ್ಷಗಟ್ಟಲೆ ಕೀಳೋ ಗಿಡ ಮೂಲೆ ಮೂಲೆಗೆ ಹಾಕಿ. ನುಗ್ಗೆ ಒಂದು, ಅದನ್ನ ಎದೆ ಮಟ್ಟಕ್ಕೆ ಕತ್ತರಿಸ್ತಾ ಇರಿ, ಎತ್ತರ ಬಿಟ್ರೆ ಸೊಪ್ಪು ಕೈಗೆ ಸಿಗಲ್ಲ, ಗಾಳಿಗೆ ಕೊಂಬೆ ಮುರಿಯುತ್ತೆ. ಕರಿಬೇವು, ಬಸಳೆ, ಹೊನಗೊನೆ, ದೊಡ್ಡಪತ್ರೆ, ಎಲ್ಲಾ ಒಂದು ಕಡ್ಡಿ ತಂದು ಚುಚ್ಚಿದ್ರೆ ಬರೋದು, ಕರಿಬೇವು ಮಾತ್ರ ಸಸಿ ತನ್ನಿ. ಚಕ್ರಮುನಿ ಗಿಡ ಬಹಳ ಜನ ಕೊಡ್ತಾರೆ, ಮಲ್ಟಿವಿಟಮಿನ್ ಗಿಡ ಅಂತ ಹೆಸರೂ ಇದೆ, ಬೇರೆ ಸೊಪ್ಪಿನ ಜೊತೆ ಒಂದು ಹಿಡಿ ಬೇಯಿಸಿ ತಿನ್ನಿ, ಆದ್ರೆ ಹಸಿ ರಸ ಹಿಂಡಿ ದಿನಾ ಕುಡಿಯೋದು ಬೇಡ, 1990ರ ದಶಕದಲ್ಲಿ ತೈವಾನಲ್ಲಿ ತೂಕ ಇಳಿಸೋಕೆ ಅಂತ ಹಾಗೆ ಕುಡಿದೋರಲ್ಲಿ ಹಲವರಿಗೆ ಶ್ವಾಸಕೋಶ ಹಾಳಾಗಿತ್ತು. ಮಳೆ ಬಿದ್ಮೇಲೆ ಪಾತೀಲಿ ತಾನಾಗೇ ಹುಟ್ಟೋ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ ಸೊಪ್ಪನ್ನ ಕಳೆ ಅಂತ ಕಿತ್ತು ಎಸೀಬೇಡಿ. ಈ ವಿಷಯದಲ್ಲಿ ನಿಮ್ಮ ಅತ್ತೆನೇ ನಿಮಗೆ ತಜ್ಞರು, ಅವರನ್ನ ಕರ್ಕೊಂಡು ಹೋಗಿ ಯಾವುದು ತಿನ್ನೋದು ಯಾವುದು ಅಲ್ಲ ಅಂತ ಕೇಳಿ ಕಲೀರಿ, ನಮ್ಮ ತಲೆಮಾರಿಗೆ ಬೆರಕೆ ಸೊಪ್ಪು ಗುರುತು ಹಿಡಿಯೋಕೆ ಬರ್ತಿಲ್ಲ, ಅದು ನನಗೆ ತುಂಬಾ ಬೇಜಾರಿನ ವಿಷಯ. ಗುರುತು ಖಾತ್ರಿ ಇಲ್ದೆ ಇರೋದನ್ನ ಮಾತ್ರ ಪಾತ್ರೆಗೆ ಹಾಕಬೇಡಿ, ಗಣಿಕೆ ಹಸಿರು ಕಾಯಿನೂ ಬೇಡ, ಎಲೆ ಅಷ್ಟೇ.

ಈಗ ಒಲೆ ಹತ್ರ ಬನ್ನಿ. ಬಸ್ಸಾರು ಗೊತ್ತಿಲ್ದೆ ಇರೋರು ನಮ್ಮ ಕಡೆ ಇಲ್ಲ, ಆದ್ರೂ ಯಾಕೆ ನಾನು ಅದನ್ನೇ ಹೇಳ್ತೀನಿ ಅಂದ್ರೆ ಸೊಪ್ಪು ಬೇಯಿಸಿದ ನೀರನ್ನ ಚೆಲ್ಲದೆ ಇರೋ ಅಡುಗೆ ಅದು. ವಿಟಮಿನ್ ಸಿ, ಬಿ ಗುಂಪಿನವು ಎಲ್ಲಾ ನೀರಲ್ಲಿ ಕರಗೋವು, ನೀರು ಬಸಿದು ಚೆಲ್ಲಿದ್ರೆ ಅದರ ಜೊತೆ ಹೋದವು, ಬಸ್ಸಾರಲ್ಲಿ ಬಿಸಿಗೆ ಒಂದಷ್ಟು ಹೋದ್ರೂ ಮಿಕ್ಕಿದ್ದೆಲ್ಲ ಕಟ್ಟಲ್ಲೇ, ಅಂದ್ರೆ ಆ ಬಸಿದ ನೀರಲ್ಲೇ ಇರುತ್ತೆ, ಆ ಕಟ್ಟೇ ಸಾರಾಗುತ್ತೆ. ಒಂದು ಲೋಟ ಅಲಸಂದೆನೋ ಹೆಸರುಕಾಳೋ ರಾತ್ರಿ ನೆನೆಸಿಡಿ. ಬೋರ್ ನೀರಲ್ಲಿ ಕಾಳು ಬೇಯಲ್ಲ ಅಂತ ಸೋಡಾ ಹಾಕ್ತಾರೆ, ಅದು ಬೇಡ, ಸೋಡಾ ಬಿ1 ವಿಟಮಿನ್ನನ್ನೇ ಹಾಳು ಮಾಡುತ್ತೆ, ಬೇಯಿಸೋಕೆ ಆರ್‌ಒ ಫಿಲ್ಟರ್ ನೀರು ಹಾಕಿ, ಬೇಗ ಬೇಯುತ್ತೆ. ಇನ್ನೊಂದು ಮಾತು, ನಮ್ಮ ಜಿಲ್ಲೆ ಬೋರ್ ನೀರಲ್ಲಿ ಬಹಳ ಕಡೆ ಫ್ಲೋರೈಡ್ ಜಾಸ್ತಿ, ಕುದಿಸಿದ್ರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿ ಆಗುತ್ತೆ, ಅದಕ್ಕೆ ಕುಡಿಯೋಕಷ್ಟೇ ಅಲ್ಲ ಅಡುಗೆಗೂ ಆರ್‌ಒ ಫಿಲ್ಟರ್ ನೀರೇ ಇರ್ಲಿ.

ಕಾಳು ಮುಕ್ಕಾಲು ಬೆಂದ ಮೇಲೆ ತೊಳೆದು ಹೆಚ್ಚಿದ ಸೊಪ್ಪು ಹಾಕಿ. ಹೆಚ್ಚಿ ತೊಳೀಬೇಡಿ, ತೊಳೆದು ಹೆಚ್ಚಿ. ಮೊದಲ ಎರಡು ನಿಮಿಷ ಮುಚ್ಚಳ ಹಾಕದೆ ಕುದಿಸಿದ್ರೆ ಬಣ್ಣ ಹಸಿರಾಗೇ ಉಳಿಯುತ್ತೆ. ಐದಾರು ನಿಮಿಷ ಸಾಕು, ಬಸಿದು ಕಟ್ಟು ಬೇರೆ ಇಟ್ಕೊಳ್ಳಿ. ಒಂದು ಈರುಳ್ಳಿ, ಒಂದು ಗೆಡ್ಡೆ ಬೆಳ್ಳುಳ್ಳಿ ಸ್ವಲ್ಪ ಎಣ್ಣೇಲಿ ಕೆಂಪಗೆ ಹುರಿದು, ಎರಡು ಚಮಚ ಸಾರಿನ ಪುಡಿ, ಜೀರಿಗೆ, ನಾಲ್ಕು ಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಒಂದು ಹಿಡಿ ತೆಂಗಿನಕಾಯಿ, ಬೆಂದ ಸೊಪ್ಪು ಕಾಳಲ್ಲೇ ಒಂದು ಸೌಟು, ಎಲ್ಲಾ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ, ಸಾಸಿವೆ ಕರಿಬೇವು ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಬಸಿದ ಸೊಪ್ಪು ಕಾಳಿಗೆ ಈರುಳ್ಳಿ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿ ತುರಿ ಉದುರಿಸಿದ್ರೆ ಪಲ್ಯ. ಊಟದಲ್ಲಿ ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತೋಕೆ ಹುಳಿ ಬೇಕು, ಊಟ ಆದ ತಕ್ಷಣ ಕಾಫಿ ಟೀ ಕುಡಿದ್ರೆ ಆ ಕಬ್ಬಿಣ ಸರಿಯಾಗಿ ಹತ್ತಲ್ಲ, ಒಂದು ಗಂಟೆ ಬಿಡಿ. ಮನೇಲಿ ಯಾರಿಗಾದ್ರೂ ಕಿಡ್ನಿ ಕಲ್ಲು ಬಂದಿದ್ರೆ ಪಾಲಕ್, ಕೀರೆ, ದಂಟು ಕಮ್ಮಿ ಮಾಡಿ ಮೆಂತ್ಯ ಸೊಪ್ಪಿನ ಕಡೆ ಹೋಗಿ, ಅವರಿಗೆ ಕಟ್ಟಿನ ಸಾರೂ ಬೇಡ, ಡಾಕ್ಟರನ್ನ ಒಂದು ಮಾತು ಕೇಳಿ.

ಮಗನ ವಿಷಯ. 6 ವರ್ಷದ ಮಕ್ಕಳು ಕಣ್ಣಿಗೆ ಕಾಣೋ ಎಲೆ ತಿನ್ನಲ್ಲ, ಅದಕ್ಕೆ ಬೈದು ತುರುಕಬೇಡಿ. ಅವನಿಗೆ ಮಸೊಪ್ಪು ಮಾಡಿ, ತೊಗರಿಬೇಳೆ ಸೊಪ್ಪು ಟೊಮ್ಯಾಟೊ ಬೆಳ್ಳುಳ್ಳಿ ಒಂದು ಹಸಿಮೆಣಸಿನಕಾಯಿ ಎಲ್ಲಾ ಒಟ್ಟಿಗೆ ಬೇಯಿಸಿ ಕಡಗೋಲಲ್ಲಿ ಚೆನ್ನಾಗಿ ಮಸೆದು ತುಪ್ಪದ ಒಗ್ಗರಣೆ ಕೊಟ್ರೆ ಎಲೆ ಎಲ್ಲೂ ಕಾಣಲ್ಲ, ಅನ್ನಕ್ಕೆ ಕಲಸಿ ಕೊಡಿ. ನುಗ್ಗೆ ಸೊಪ್ಪು ರಾಗಿ ರೊಟ್ಟಿಗೆ ಈರುಳ್ಳಿ ಜೊತೆ ಸೇರಿಸಿ ತಟ್ಟಿ, ಸಬ್ಬಸಿಗೇನೂ ಹಾಗೇ. ಒಂದು ಪಾತಿಗೆ ಅವನ ಹೆಸರಿಟ್ಟು ಮೆಂತ್ಯ ಹಾಕಿಸಿ, ಮೂರ್ನಾಲ್ಕು ದಿನಕ್ಕೇ ಮೊಳಕೆ ಕಾಣುತ್ತೆ, ಮಕ್ಕಳಿಗೆ ಅಷ್ಟು ಬೇಗ ಏನಾದ್ರೂ ಕಂಡ್ರೇನೇ ಆಸಕ್ತಿ.

ರಾಗಿ ಹಿಟ್ಟು ಪಾಕೆಟಲ್ಲಿ ತರೋದು ನಿಲ್ಸಿ. ಸುಗ್ಗಿ ಮುಗಿದ ಮೇಲೆ, ಡಿಸೆಂಬರ್ ಜನವರೀಲಿ, ಹತ್ತಿರದ ಹಳ್ಳಿ ರೈತರ ಹತ್ರ ವರ್ಷಕ್ಕಾಗೋ ರಾಗಿ ನೇರವಾಗಿ ತಗೊಳ್ಳಿ, ಅವರಿಗೂ ನಾಲ್ಕು ಕಾಸು ಜಾಸ್ತಿ ಸಿಗುತ್ತೆ. ಚೆನ್ನಾಗಿ ಒಣಗಿಸಿ ಡ್ರಮ್ಮಲ್ಲಿ ಮುಚ್ಚಿಟ್ರೆ ರಾಗಿಗೆ ಹುಳ ಬೀಳೋದು ಕಮ್ಮಿ, ಹಿಂದೆ ಹಗೇವಲ್ಲಿ, ಅಂದ್ರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡ್ತಿದ್ರು. ಹಿಟ್ಟು ಮಾತ್ರ ಹದಿನೈದು ಇಪ್ಪತ್ತು ದಿನಕ್ಕಾಗೋಷ್ಟೇ ಮಿಲ್ ಮಾಡಿಸಿ, ಹಳೇ ಹಿಟ್ಟು ಕಹಿ ಬರುತ್ತೆ, ಮುದ್ದೆ ಒಡೆಯುತ್ತೆ.

ಕೊನೇದಾಗಿ ನಿಮ್ಮ ಅತ್ತೆ ಶುಗರ್. 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಲ್ಲಿ 120 ಹತ್ತತ್ರ ಇರೋದು, ವಯಸ್ಸಾದ ಮೂಳೆಗೆ ರಾಗಿ ಒಳ್ಳೇದೇ. ಆದ್ರೆ ಶುಗರಿಗೆ ಮುದ್ದೆ ಔಷಧಿ ಅಂತ ದೊಡ್ಡ ದೊಡ್ಡ ಎರಡು ಮುದ್ದೆ ಉಣ್ಣೋರನ್ನ ನೋಡ್ತಾನೇ ಇರ್ತೀನಿ, ರಾಗೀಲೂ ಮೂರರಲ್ಲಿ ಎರಡು ಪಾಲು ಪಿಷ್ಟಾನೇ ಇರೋದು, ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣ ಆಗಿ ಶುಗರ್ ಏರಿಸುತ್ತೆ. ಅವರಿಗೆ ಒಂದು ಸಣ್ಣ ಮುದ್ದೆ ಸಾಕು, ಹಿಟ್ಟು ಸ್ವಲ್ಪ ತರಿಯಾಗಿ ಜರಡಿ ಹಿಡೀದೆ ಇರ್ಲಿ, ತಟ್ಟೇಲಿ ಮುದ್ದೆಗಿಂತ ಸೊಪ್ಪು ಕಾಳಿನ ಪಲ್ಯ ಜಾಸ್ತಿ ಇರ್ಲಿ, ಪಲ್ಯ ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕ್ಲಿ. ಊಟ ಆಗಿ ಎರಡು ಗಂಟೆಗೆ ಮನೇಲೇ ಮಿಷಿನ್ನಲ್ಲಿ ಶುಗರ್ ನೋಡಿ ಒಂದು ವಾರ ಬರೆದಿಡಿ, ಅವರ ಮೈಗೆ ಎಷ್ಟು ಮುದ್ದೆ ಒಗ್ಗುತ್ತೆ ಅಂತ ಗೊತ್ತಾಗುತ್ತೆ, ಆ ಚೀಟಿ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಮಾತ್ರೆ ಹೆಚ್ಚು ಕಮ್ಮಿ ಮಾಡೋದು ಅವರೇ ಹೇಳ್ಲಿ.